ಏಳನೇ ಹಾಸಿಗೆ ಮನೆಗೆ ಹೋಗಬಹುದು

ನನ್ನ ಅಕ್ಕನನ್ನು ಹೆರಿಗೆ ಆಸ್ಪತ್ರೆಯಿಂದ ಮನೆಗೆ ಕಳಿಸಿದವನು ನಾನು. ಡಾಕ್ಟರಮ್ಮ ಅಲ್ಲ. ಆವತ್ತು ಹಸಿರು ಪರದೆಯ ಆಚೆಯಿಂದ ಬಂದದ್ದು ಅವರ ಧ್ವನಿಯೇ ಎಂದು ಆಯಾ ಆಣೆ ಇಟ್ಟಳು, ನಮ್ಮಮ್ಮ ಆಣೆ ಇಟ್ಟಳು, ಇಡೀ ವಾರ್ಡು ಆಣೆ ಇಟ್ಟಿತು. ಅವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಸುಳ್ಳು ಇದ್ದದ್ದು ನನ್ನ ಗಂಟಲಲ್ಲಿ.

ಇದು ನನ್ನ ತಪ್ಪಿನ ಮೊದಲ ಅರ್ಧ, ತಮಾಷೆಯ ಅರ್ಧ. ಎರಡನೆಯ ಅರ್ಧವನ್ನೂ ಇಲ್ಲೇ ಒಂದೇ ಉಸಿರಿಗೆ ಹೇಳಿಬಿಟ್ಟರೆ ಧೈರ್ಯವಂತ ಅನ್ನಿಸಿಕೊಳ್ಳುತ್ತೇನೆ — ಆದರೆ ಅಷ್ಟು ಧೈರ್ಯ ಇದ್ದಿದ್ದರೆ ಹತ್ತು ವರ್ಷದ ಹಿಂದೆಯೇ ಬಾಯಿ ಬಿಡುತ್ತಿದ್ದೆ. ಹಾಗಾಗಿ ನಿಧಾನವಾಗಿ ಬರುತ್ತೇನೆ. ಬಸ್ಸಿನವನು ನಾನು, ಎಲ್ಲ ಸ್ಟಾಪಿನಲ್ಲೂ ನಿಲ್ಲಿಸಿಕೊಂಡು ಹೋಗಿ ಅಭ್ಯಾಸ.

ಚಿಕ್ಕಜಾಲದಿಂದ ಪೇಟೆಗೆ ಹೋಗಿಬರುವ ಒಂದು ಖಾಸಗಿ ಬಸ್ಸಿನಲ್ಲಿ ನಾನು ಕಂಡಕ್ಟರು. ಹೆಸರು ಮುನಿರಾಜು, ಮನೆಯವರಿಗೆ ಮುನಿಯ. ಊರು ಅಲ್ಲಾಳಸಂದ್ರ. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ಅದರಾಚೆ ಕಲಿತದ್ದೆಲ್ಲ ಪ್ರಯಾಣಿಕರ ಗಂಟಲಿನಿಂದ. ಯಾರ ಧ್ವನಿಯನ್ನಾದರೂ ಎರಡು ಟ್ರಿಪ್ಪು ಕೇಳಿದರೆ ಸಾಕು, ಮೂರನೆಯ ಟ್ರಿಪ್ಪಿಗೆ ಅದು ನನ್ನದು. ಶಾನುಭೋಗರ ಗೊಗ್ಗರು ಕೆಮ್ಮು, ಹೆಬ್ಬಾಳದ ಮೇಷ್ಟರ ಮೂಗುಮಾತು, ದ್ರಾಕ್ಷಿ ಬುಟ್ಟಿ ಹೊತ್ತು ಬರುವ ಹೆಂಗಸರ ಜಗಳ — ಒಬ್ಬನೇ ನಿಂತು ನಾಲ್ಕು ಜನರ ಜಗಳ ಆಡುತ್ತಿದ್ದೆ. ಜನ ನಗುತ್ತಿದ್ದರು. ನನ್ನನ್ನೂ ನಾನು ಬಿಡುತ್ತಿರಲಿಲ್ಲ. ಚಿಲ್ಲರೆ ಇಲ್ಲ ಎಂದು ಕಂಡಕ್ಟರು ಗೊಣಗುವುದನ್ನು ಕಂಡಕ್ಟರೇ ಅಣಕಿಸಿದರೆ ಅದಕ್ಕೆ ಬೇರೆಯದೇ ನಗು ಬರುತ್ತಿತ್ತು. ನನ್ನ ಸ್ವಂತ ಧ್ವನಿ ಯಾವುದು ಎಂದು ಯಾರಾದರೂ ಕೇಳಿದ್ದರೆ ಆಗಲೂ ಹೇಳಲು ಬರುತ್ತಿರಲಿಲ್ಲ. ಈಗಲೂ — ಇರಲಿ.

ಅಕ್ಕ ಜಯಮ್ಮ ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಚಿಕ್ಕಂದಿನಲ್ಲಿ ಯಾವುದೋ ಕಾಯಿಲೆ ಬಂದು ಅವಳ ಕಾಲು ಸೊಟ್ಟಗಾಗಿತ್ತು, ಆಳೂ ಗಿಡ್ಡ. ಭಾವ ಕೆಂಪಣ್ಣ ಯಲಹಂಕದ ರೈಲು ನಿಲ್ದಾಣದಲ್ಲಿ ಹಳಿ ತಿರುಗಿಸುವ ಕೆಲಸದಲ್ಲಿದ್ದ. ಮದುವೆಯಾಗಿ ನಾಲ್ಕು ವರ್ಷದ ಮೇಲೆ ಅಕ್ಕ ಬಸುರಿಯಾದಳು, ಚೊಚ್ಚಲ ಹೆರಿಗೆಗೆ ಅಮ್ಮನ ಮನೆಗೆ ಬಂದಳು. ಅಪ್ಪ ಆಗಲೇ ತೀರಿಕೊಂಡಿದ್ದರು.

ಭಾವನೇ ಹಟ ಮಾಡಿ ಅವಳನ್ನು ಹೆರಿಗೆ ಆಸ್ಪತ್ರೆಗೆ ತೋರಿಸಿದ. ಹೆಬ್ಬಾಳ ದಾಟಿ ಪೇಟೆಯ ಕಡೆ ಹೋಗುವಾಗ ರಸ್ತೆಯ ಮಗ್ಗುಲಲ್ಲಿ ಇದ್ದ ಹನ್ನೆರಡು ಹಾಸಿಗೆಯ ಆಸ್ಪತ್ರೆ. ಹೆಸರು ಬೇಡ. ಅಲ್ಲಿನ ಡಾಕ್ಟರಮ್ಮನ ಹೆಸರೂ ಬೇಡ — ನನ್ನಿಂದ ಅವರ ಹೆಸರಿಗೆ ಆದದ್ದು ಸಾಕು. ಕರಾವಳಿ ಕಡೆಯವರು, ಒಂಟಿ, ಉದ್ದ ಕೈಯ ಬಿಳಿ ಕೋಟು, ಸದಾ ಕೈಯಲ್ಲೊಂದು ಪೆನ್ಸಿಲ್ಲು. ಅವರು ಅಕ್ಕನನ್ನು ಪರೀಕ್ಷೆ ಮಾಡಿ ಭಾವನಿಗೂ ಅಮ್ಮನಿಗೂ ಹೇಳಿದ್ದು ನಾನೂ ಕೇಳಿದ್ದೇನೆ.

"ಇವರ ಸೊಂಟದ ಎಲುಬಿನ ದಾರಿ ಕಿರಿದು ಉಂಟು. ಮಗು ತಾನಾಗಿ ಇಳಿಯುವುದಿಲ್ಲ. ಸಿಜೇರಿಯನ್ ಮಾಡಬೇಕು. ನೋವು ಶುರುವಾಗುವ ಮೊದಲೇ ಮಾಡಿದರೆ ಇಬ್ಬರೂ ಉಳಿಯುತ್ತಾರೆ. ಎರಡು ದಿನ ನೋವು ತಿಂದು, ಸೂಲಗಿತ್ತಿ ಕೈಬಿಟ್ಟ ಮೇಲೆ ಗಾಡಿಯಲ್ಲಿ ಹಾಕಿಕೊಂಡು ಬಂದರೆ ನನ್ನ ಕೈಯಲ್ಲಿ ಎಂತದ್ದೂ ಉಳಿಯುವುದಿಲ್ಲ. ಕೊಯ್ದದ್ದರಿಂದ ಸತ್ತರು ಅಂತೀರಿ ನೀವು. ಕೊಯ್ಯುವುದು ತಡ ಆದದ್ದರಿಂದ ಸಾಯುವುದು, ಗೊತ್ತಾಯ್ತಾ?"

ಅಮ್ಮ ತಲೆ ಆಡಿಸಿದಳು. ಹೊರಗೆ ಬಂದ ಮೇಲೆ, "ನಾನು ಆರು ಎತ್ತೆ, ನಮ್ಮವ್ವ ಒಂಬತ್ತು ಎತ್ಲು. ಯಾರ್ ಒಟ್ಟೇನೂ ಕುಯ್ಲಿಲ್ಲ," ಅಂದಳು. ಆರರಲ್ಲಿ ಉಳಿದದ್ದು ನಾವಿಬ್ಬರೇ ಎನ್ನುವುದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ದಿನ ತುಂಬುತ್ತಾ ಬಂದಾಗ ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದರು. ಏಳನೇ ಹಾಸಿಗೆ. ಗುರುವಾರ ಬೆಳಿಗ್ಗೆ ಆಪರೇಷನ್ ಎಂದು ಗೊತ್ತಾಯಿತು. ಆ ಗುರುವಾರ ಅಮಾವಾಸ್ಯೆ. ಅಮ್ಮ ಸೆರಗು ಒಡ್ಡಿ ಬೇಡಿಕೊಂಡಳು — ಶುಕ್ರವಾರ ಮಾಡಿ ತಾಯಿ ಎಂದು. ಡಾಕ್ಟರಮ್ಮ ಒಪ್ಪಲಿಲ್ಲ. ಮಗು ಪಂಚಾಂಗ ನೋಡಿಕೊಂಡು ಕೂತಿರುವುದಿಲ್ಲ, ನೋವು ಯಾವ ಗಳಿಗೆಯಲ್ಲಾದರೂ ಶುರುವಾಗಬಹುದು ಎಂದರು. ಈ ಎಲ್ಲದರ ಮಧ್ಯೆ ಅಕ್ಕನನ್ನು ಯಾರೂ ಏನೂ ಕೇಳಲಿಲ್ಲ. ಅವಳು ಹಾಸಿಗೆಯ ಮೇಲೆ ಕೂತು ಗೋಡೆ ನೋಡುತ್ತಿದ್ದಳು.

ಈಗ ಆ ಆಸ್ಪತ್ರೆಯ ಒಂದು ಪದ್ಧತಿ ಹೇಳಬೇಕು. ಸಂಜೆ ನೋಡಲು ಬಂದವರ ಹೊತ್ತು ಮುಗಿಯುವಾಗ ವಾರ್ಡಿನ ಬಾಗಿಲಿಗೆ ಹಸಿರು ಪರದೆ ಎಳೆಯುತ್ತಿದ್ದರು. ಡಾಕ್ಟರಮ್ಮ ಒಳಗೆ ಬರುತ್ತಿರಲಿಲ್ಲ, ಗಂಡಸರು ಇನ್ನೂ ಕೂತಿರುತ್ತಾರೆ ಎಂದೋ ಏನೋ. ಪರದೆಯ ಆಚೆ ವರಾಂಡದಲ್ಲಿ ನಿಂತು, ಪೆನ್ಸಿಲ್ಲಿನಿಂದ ಕಿಟಕಿಯ ಕಬ್ಬಿಣದ ಸರಳಿಗೆ ಎರಡು ಸಲ ಬಡಿದು, ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದರು: "ಮೂರನೇ ಹಾಸಿಗೆ, ಮನೆಗೆ ಹೋಗಬಹುದು. ಹತ್ತನೇ ಹಾಸಿಗೆ, ಮನೆಗೆ ಹೋಗಬಹುದು." ಅಷ್ಟೇ. ಆಯಾ ಆ ಹಾಸಿಗೆಯ ಬಟ್ಟೆ ಎತ್ತುತ್ತಿದ್ದಳು, ಮನೆಯವರು ಗಂಟು ಕಟ್ಟುತ್ತಿದ್ದರು. ಕಾಗದ ಪತ್ರ ಎಲ್ಲ ಆಮೇಲೆ.

ಬುಧವಾರ ಸಂಜೆ ನಮ್ಮ ಬಸ್ಸು ಪೇಟೆಗೆ ಹೋಗುವಾಗ ಆಸ್ಪತ್ರೆಯ ಎದುರು ಕೆಟ್ಟು ನಿಂತಿತು. ಡ್ರೈವರು ಬಾನೆಟ್ಟು ತೆಗೆದ. ನಾನು ಒಳಗೆ ಓಡಿದೆ. ಅಮ್ಮ ಅಕ್ಕನ ಕಾಲ ಬಳಿ ಕೂತಿದ್ದಳು. ಅಕ್ಕನ ಮುಖ ನೋಡಿದೆ — ಹೆದರಿದ ಮುಖ ನನಗೆ ನೋಡಲು ಬರುವುದಿಲ್ಲ. ಎದುರಿಗೆ ಹೆದರಿದ ಮುಖ ಇದ್ದರೆ ನಗಿಸಬೇಕು, ಇಲ್ಲವೇ ಓಡಿಹೋಗಬೇಕು. ಆವತ್ತು ನಾನು ಎರಡನ್ನೂ ಮಾಡಿದೆ.

"ಒಂದ್ನಿಮಿಷ ತಡಿ, ಬಸ್ ನೋಡ್ಕೊಂಡ್ ಬತ್ತೀನಿ," ಎಂದು ಹೊರಗೆ ಹೋದೆ. ಪರದೆ ಎಳೆದಿತ್ತು. ವರಾಂಡದಲ್ಲಿ ಯಾರೂ ಇರಲಿಲ್ಲ. ಟಿಕೆಟ್ಟಿಗೆ ತೂತು ಹೊಡೆಯುವ ಪಂಚ್ ಸೊಂಟದಲ್ಲಿತ್ತು. ಅದರಿಂದ ಸರಳಿಗೆ ಎರಡು ಸಲ ಬಡಿದೆ. ಗಂಟಲು ಸರಿಮಾಡಿಕೊಂಡೆ.

"ಏಳನೇ ಹಾಸಿಗೆ, ಮನೆಗೆ ಹೋಗಬಹುದು. ಎಲ್ಲ ಸರಿ ಉಂಟು ಮಾರಾಯ್ತಿ, ಕೊಯ್ಯುವುದು ಬೇಡ."

ಒಳಗೆ ವಾರ್ಡು ಗಪ್ಪಾಯಿತು. ಅಷ್ಟು ಚೆನ್ನಾಗಿ ನಾನು ಯಾರ ಧ್ವನಿಯನ್ನೂ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ಪರದೆ ಸರಿಸಿ ತಲೆ ಹಾಕಿ ಹಲ್ಲು ಕಿರಿಯಬೇಕು — ಅದೇ ಆಟದ ಕೊನೆ. ಅಷ್ಟರಲ್ಲಿ ಬಸ್ಸು ಗುರುಗುಟ್ಟಿತು, ಡ್ರೈವರು ಹಾರನ್ನು ಒತ್ತಿದ, ಒತ್ತುತ್ತಲೇ ಇದ್ದ. ಓಡಿದೆ. ಅಕ್ಕನಿಗೆ ಗೊತ್ತಾಗುತ್ತದೆ, ಅಮ್ಮನಿಗಂತೂ ಗೊತ್ತಾಗುತ್ತದೆ, ಹೆತ್ತವಳಿಗೆ ಮಗನ ಗಂಟಲು ಗೊತ್ತಾಗದೆ ಇರುತ್ತದೆಯೇ — ಹೀಗೆಂದುಕೊಂಡು ಫುಟ್‌ಬೋರ್ಡಿಗೆ ಹಾರಿದೆ. ಪೇಟೆ ಸೇರುವವರೆಗೂ ಒಳಗೊಳಗೇ ನಕ್ಕೆ.

ಆ ರಾತ್ರಿ ಡಿಪೋದಲ್ಲೇ ಮಲಗಿದ್ದೆ. ಗುರುವಾರ ಬೆಳಿಗ್ಗೆ ಅಲ್ಲಾಳಸಂದ್ರದಲ್ಲಿ ಇಳಿದು ಮನೆಗೆ ಹೋದರೆ ಅಕ್ಕ ಜಗಲಿಯ ಮೇಲೆ ಕೂತು ಬಿಸಿಲು ಕಾಯುತ್ತಿದ್ದಳು.

"ಡಾಕ್ಟ್ರಮ್ಮನೇ ಬ್ಯಾಡ ಅಂದ್ರು ಕಣೋ," ಅಂದಳು. "ಕುಯ್ಯೋದ್ ಬ್ಯಾಡ್ವಂತೆ."

ಎಷ್ಟೋ ತಿಂಗಳ ಮೇಲೆ ಅವಳು ನಕ್ಕದ್ದನ್ನು ನೋಡಿದೆ. ಅಮ್ಮ ಒಳಗೆ ಒಬ್ಬಟ್ಟಿಗೆ ಬೇಳೆ ಬೇಯಿಸುತ್ತಿದ್ದಳು, ಅಮಾವಾಸ್ಯೆಯ ಎಡೆಗೆ. ನಮ್ಮೂರಿನ ದ್ರಾಕ್ಷಿ ಗಾಡಿ ಪೇಟೆಯಿಂದ ಖಾಲಿ ಬರುತ್ತಿತ್ತಂತೆ, ಅದರಲ್ಲೇ ಮಗಳನ್ನು ಕೂರಿಸಿಕೊಂಡು ಬಂದಳಂತೆ. ನನ್ನ ಕಡೆ ಒಂದು ಸಲ ನೋಡಿದಳು. ಬೇಗ ಕಣ್ಣು ತೆಗೆದಳು. ಆ ನೋಟ ಏನು ಎಂದು ಇವತ್ತಿಗೂ ನನಗೆ ತಿಳಿಯದು. ಗೊತ್ತಿತ್ತೇ ಅವಳಿಗೆ? ಗೊತ್ತಿದ್ದೂ, ಅಮಾವಾಸ್ಯೆ ದಾಟಲಿ ಎಂದು ಗೊತ್ತಿಲ್ಲದವಳ ಹಾಗೆ — ಅಥವಾ ಒಲೆಯ ಹೊಗೆಗೆ ಕಣ್ಣು ಉರಿದದ್ದು ಅಷ್ಟೆಯೋ? ಕೇಳಬೇಕಿತ್ತು. ಕೇಳಿದ್ದರೆ ನಾನೂ ಹೇಳಬೇಕಾಗುತ್ತಿತ್ತು. ನಾನು ಒಬ್ಬಟ್ಟು ತಿಂದು ಡ್ಯೂಟಿಗೆ ಹೋದೆ. ಒಂದು ದಿನ ತಾನೇ, ಶುಕ್ರವಾರ ಬೆಳಿಗ್ಗೆ ಹೇಳಿ, ಬೈಸಿಕೊಂಡು, ಬಸ್ಸಿನಲ್ಲೇ ಕೂರಿಸಿಕೊಂಡು ಹೋಗಿ ಸೇರಿಸಿದರಾಯಿತು ಎಂದು ಲೆಕ್ಕ ಹಾಕಿದೆ.

ಇನ್ನು ಎರಡನೆಯ ಅರ್ಧ.

ಆಗ ನಮ್ಮ ದಾರಿಯಲ್ಲಿ ಅಂಚೆಗಿಂತ ಬಸ್ಸೇ ಬೇಗ. ಯಾರಾದರೂ ಸತ್ತರೆ, ಹುಟ್ಟಿದರೆ, ಹುಡುಗಿ ನೋಡಲು ಬರುವುದಿದ್ದರೆ ಒಂದು ಚೀಟಿ ಬರೆದು ಕಂಡಕ್ಟರ ಕೈಗೆ ತುರುಕುತ್ತಿದ್ದರು. ನಾವು ಆಯಾ ಊರಿನ ಸ್ಟಾಪಿನಲ್ಲಿ ಯಾರಿಗಾದರೂ ಕೊಟ್ಟು ಕಳಿಸುತ್ತಿದ್ದೆವು. ನಾನು ಎಂದೂ ಒಂದು ಚೀಟಿ ಕಳೆದವನಲ್ಲ. ಅದೊಂದು ಹೆಮ್ಮೆ ಇತ್ತು.

ಗುರುವಾರ ಮಧ್ಯಾಹ್ನ ಆಸ್ಪತ್ರೆಯ ಎದುರು ಬಸ್ಸು ನಿಂತಾಗ ಅಲ್ಲಿನ ಜವಾನ ಜನರ ನಡುವೆ ಕೈ ತೂರಿಸಿ, ಮುಖವನ್ನೂ ನೋಡದೆ, ಖಾಕಿ ಅಂಗಿ ಕಂಡ ಕಡೆಗೆ ಒಂದು ಚೀಟಿ ಕೊಟ್ಟ. "ಅಲ್ಲಾಳಸಂದ್ರಕ್ಕೆ, ಅರ್ಜೆಂಟು," ಅಂದ. ಮಡಿಕೆಯ ಮೇಲೆ ಬರೆದಿತ್ತು: ಜಯಮ್ಮನ ಮನೆಯವರಿಗೆ. ಬಿಡಿಸಿ ಓದಿದೆ. ಮೂರೇ ಸಾಲು.

"ನಾನು ನಿಮ್ಮನ್ನು ಮನೆಗೆ ಕಳಿಸಿಲ್ಲ. ಯಾರು ಕಳಿಸಿದರೋ ಗೊತ್ತಿಲ್ಲ. ನೋವು ಬರುವ ಮೊದಲು ಕರೆದುಕೊಂಡು ಬನ್ನಿ, ಬಂದ ತಕ್ಷಣ ಮಾಡುತ್ತೇನೆ."

ಅದನ್ನು ಟಿಕೆಟ್ ಚೀಲಕ್ಕೆ ಹಾಕಿಕೊಂಡೆ. ಬ್ಯಾಟರಾಯನಪುರ ಬಂತು. ಅಲ್ಲಾಳಸಂದ್ರ ಬಂತು. ಸ್ಟಾಪಿನಲ್ಲಿ ನಮ್ಮ ಬೀದಿಯ ಇಬ್ಬರು ಇಳಿದರು, ಅವರ ಕೈಗೆ ಕೊಟ್ಟಿದ್ದರೆ ಸಾಕಿತ್ತು. ಕೊಡಲಿಲ್ಲ. ಚೀಟಿ ಮನೆ ಸೇರಿದರೆ "ಮತ್ತೆ ಕಳಿಸಿದ್ದು ಯಾರು" ಎಂಬ ಪ್ರಶ್ನೆಯೂ ಮನೆ ಸೇರುತ್ತದೆ — ಅಷ್ಟೇ ನನಗೆ ಕಂಡದ್ದು. ಅಕ್ಕನ ಹೊಟ್ಟೆ ಕಾಣಲಿಲ್ಲ, ಮಗು ಕಾಣಲಿಲ್ಲ. ಭಾವ ನನ್ನ ಕಪಾಳಕ್ಕೆ ಕೊಡುವ ಏಟು ಮಾತ್ರ ಸ್ಪಷ್ಟವಾಗಿ ಕಂಡಿತು. ರೈಲು ಹಳಿಯ ಕೀಲು ತಿರುಗಿಸುವ ಕೈ ಅದು.

ಸಂಜೆ ಮನೆಗೆ ಬಂದಾಗ ನೋವು ಶುರುವಾಗಿತ್ತು. ಸೂಲಗಿತ್ತಿ ಬಂದಿದ್ದಳು. ಚೊಚ್ಚಲು, ತಡ ಆಗುತ್ತದೆ ಎಂದಳು. ನನಗೆ — ಇದನ್ನು ಬರೆಯಲು ನಾಚಿಕೆಯಾಗುತ್ತದೆ — ನನಗೆ ಒಂದು ಬಗೆಯ ಸಮಾಧಾನವಾಯಿತು. ತಾನಾಗಿಯೇ ಹೆತ್ತುಬಿಟ್ಟರೆ ಚೀಟಿಯೂ ಬೇಡ, ಪ್ರಶ್ನೆಯೂ ಇಲ್ಲ. ಡಾಕ್ಟರಮ್ಮನೇ ತಪ್ಪು ತಿಳಿದಿದ್ದರು ಎಂದಾಗುತ್ತದೆ. ನಾನು ದೇವರಿಗೆ ಹರಕೆ ಹೊತ್ತೆ. ಅಕ್ಕನಿಗಾಗಿ ಹೊತ್ತೆನೋ ನನಗಾಗಿ ಹೊತ್ತೆನೋ, ಆಗಲೂ ಬೇರೆ ಮಾಡಿ ನೋಡಲು ಆಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಸೂಲಗಿತ್ತಿ ಕೈ ತೊಳೆದುಕೊಂಡು ಹೊರಗೆ ಬಂದಳು. "ತಲೆ ಸಿಕ್ಕಾಕ್ಕೊಂಡೈತೆ. ನನ್ ಕೈಲಿಲ್ಲ," ಅಂದಳು. ಆಗ ಎದ್ದೆ. ರಸ್ತೆಗೆ ಓಡಿ, ಬಂದ ಬಸ್ಸನ್ನು ಅಡ್ಡಗಟ್ಟಿ ನಿಲ್ಲಿಸಿ, ಹಿಂದಿನ ಸೀಟು ಖಾಲಿ ಮಾಡಿಸಿ ಅಕ್ಕನನ್ನು ಮಲಗಿಸಿದೆವು. ಊರಿನವರು ಮುನಿಯ ಎಂಥ ತಮ್ಮ ಎಂದರಂತೆ. ಹೆಬ್ಬಾಳದ ಕೆರೆ ಏರಿಯ ಮೇಲೆ ಹೋಗುವಾಗ ಚೀಲದಿಂದ ಚೀಟಿ ತೆಗೆದು, ನಾಲ್ಕು ಚೂರು ಮಾಡಿ, ಕಿಟಕಿಯ ಹೊರಗೆ ಬಿಟ್ಟೆ. ಅಕ್ಕ ಹಿಂದೆ ನರಳುತ್ತಿದ್ದಳು.

ಡಾಕ್ಟರಮ್ಮ ಬಾಗಿಲಲ್ಲೇ ಎದುರಾದರು. ನೇರ ಒಳಗೆ ಕರೆದುಕೊಂಡು ಹೋಗಿ ಹೊಟ್ಟೆ ಕೊಯ್ದರು. ಅಕ್ಕ ಉಳಿದಳು. ಗಂಡು ಮಗು. ಅದು ಅಳಲಿಲ್ಲ.

ಆಮೇಲೆ ವರಾಂಡದಲ್ಲಿ ಅವರು ಅಮ್ಮನನ್ನು ಕೇಳಿದರು, "ಯಾಕೆ ಕರೆದುಕೊಂಡು ಹೋದಿರಿ?"

"ನೀವೇ ಓಗು ಅಂದ್ರಿ," ಅಮ್ಮ ಎದೆ ಬಡಿದುಕೊಂಡಳು. "ಇಡೀ ವಾರ್ಡು ಕೇಳ್ಸ್ಕೊಂಡೈತೆ. ನೀವೇ ಕಳ್ಸಿ ಈಗ ನನ್ ಮೇಲೆ ಆಕ್ತೀರಾ?"

"ನಾನು ಕಳಿಸಲಿಲ್ಲ. ನಿನ್ನೆ ಬಸ್ಸಿನವರ ಕೈಯಲ್ಲಿ ಚೀಟಿ ಕೂಡ ಕೊಟ್ಟಿದ್ದೆ."

ರಜೆ ಸಿಗದೆ ಆ ಎರಡು ದಿನ ಯಲಹಂಕದಲ್ಲೇ ಇದ್ದು, ಆಗ ತಾನೇ ಓಡಿಬಂದಿದ್ದ ಭಾವ ನನ್ನ ಕಡೆ ತಿರುಗಿದ. ಡಾಕ್ಟರಮ್ಮನೂ ತಿರುಗಿದರು. ನಾನು ಖಾಕಿ ಅಂಗಿಯಲ್ಲೇ ಇದ್ದೆ.

"ಯಾವ ಚೀಟೀನೂ ಬರ್ಲಿಲ್ಲ," ಅಂದೆ.

ಅದು ಯಾರ ಧ್ವನಿಯೂ ಅಲ್ಲ. ನನ್ನದೇ.

ಮುಂದಿನದು ಬಸ್ಸಿನಲ್ಲಿ ನಡೆದ ಕತೆ. ಆಸ್ಪತ್ರೆಯ ಮೇಲಿನವರು ಡಾಕ್ಟರಮ್ಮನಿಗೆ ಕಾಗದ ಬರೆದು ವಿವರಣೆ ಕೇಳಿದರಂತೆ, ಆಯಾ ಅವರ ವಿರುದ್ಧವೇ ಸಾಕ್ಷಿ ಹೇಳಿದಳಂತೆ — ಇದೆಲ್ಲ ನನಗೆ ಗೊತ್ತಾದದ್ದು ಟಿಕೆಟ್ಟು ಹರಿಯುತ್ತಾ. ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. "ಆ ಕುಯ್ಯೋ ಆಸ್ಪತ್ರೆಗೆ ಓಗ್ಬ್ಯಾಡ ಕಣವ್ವ. ಆಯಮ್ಮ ಇವತ್ತು ಮನೇಗ್ ಓಗು ಅಂತಾಳೆ, ನಾಳೆ ಒಟ್ಟೆ ಬಗೀತಾಳೆ." ಯಾರೋ ಒಬ್ಬಾಕೆ, ತುಂಬಿದ ಬಸುರಿ, ಇದನ್ನು ಕೇಳಿಸಿಕೊಂಡು ಆಸ್ಪತ್ರೆಯ ಸ್ಟಾಪಿಗೆ ತೆಗೆದುಕೊಂಡ ಟಿಕೆಟ್ಟು ಕೈಯಲ್ಲಿ ಹಿಡಿದುಕೊಂಡೇ ಅಲ್ಲಿ ಬಸ್ಸು ನಿಂತರೂ ಕೂತೇ ಇದ್ದಳು. ಇಳಿಯಲೇ ಇಲ್ಲ. ಅವಳು ಎಲ್ಲಿ ಹೆತ್ತಳೋ, ಹೇಗೆ ಹೆತ್ತಳೋ. ಅವಳ ಊರು ಕೂಡ ನನಗೆ ಗೊತ್ತಿಲ್ಲ.

ಇನ್ನೂ ಒಂದು ಇದೆ. "ಏಯ್ ಮುನಿರಾಜು, ಆ ಡಾಕ್ಟ್ರಮ್ಮನ್ ತರ ಮಾಡಪ್ಪ," ಎಂದು ಯಾರಾದರೂ ಕೇಳಿದರೆ ನಾನು ಮಾಡುತ್ತಿದ್ದೆ. ಒಲ್ಲೆ ಎಂದರೆ ಯಾಕೆ ಎನ್ನುತ್ತಾರೆ. ಸರಳಿಗೆ ಎರಡು ಸಲ ಬಡಿದು, ಗಂಟಲು ಸರಿಮಾಡಿಕೊಂಡು ಮಾಡುತ್ತಿದ್ದೆ. ಬಸ್ಸು ನಗುತ್ತಿತ್ತು. ಇಷ್ಟು ಹತ್ತಿರದಿಂದ ಕೇಳಿಯೂ ಯಾರಿಗೂ ಏನೂ ಹೊಳೆಯಲಿಲ್ಲವಲ್ಲ ಎಂದು ಒಮ್ಮೊಮ್ಮೆ ಅವರ ಮೇಲೇ ಸಿಟ್ಟು ಬರುತ್ತಿತ್ತು. ಹಿಡಿಯಲಿ ಎಂದು ಮಾಡುತ್ತಿದ್ದೆನೋ, ಹಿಡಿಯುವುದಿಲ್ಲ ಎಂಬ ಧೈರ್ಯಕ್ಕೆ ಮಾಡುತ್ತಿದ್ದೆನೋ — ಗೊತ್ತಿಲ್ಲ. ಈ ಬರಹದಲ್ಲಿ ಗೊತ್ತಿಲ್ಲ ಎಂಬ ಮಾತು ಜಾಸ್ತಿಯಾಯಿತು. ಇರುವುದೇ ಅದು.

ಐದು ವರ್ಷ ಹೀಗೆ ಹೋಯಿತು. ನಾಲ್ಕನೆಯ ವರ್ಷ ಅಮ್ಮ ತೀರಿಕೊಂಡಳು, ಅವಳ ಆ ನೋಟವನ್ನೂ ತೆಗೆದುಕೊಂಡು ಹೋದಳು. ಅದರ ಮರುವರ್ಷ ಅಕ್ಕ ಮತ್ತೆ ಬಸುರಿಯಾದಳು. ತವರು ಎಂದರೆ ನಾನೊಬ್ಬನೇ ಉಳಿದಿದ್ದೆ, ಆದರೂ ಬಂದಳು. ಭಾವ ಆಸ್ಪತ್ರೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ಭಾವ ಒಂದು ಭಾನುವಾರ ನನ್ನ ಕೈ ಹಿಡಿದುಕೊಂಡ. "ನೀನಾದ್ರೂ ಅವ್ಳಿಗ್ ಏಳೋ ಮುನಿಯ. ನಿನ್ ಮಾತಿಗಾದ್ರೂ ನಗ್ತಾಳೆ. ಒಂದ್ಸಲ ಕುಯ್ದವ್ರೆ, ಈ ಸಲ ನೋವು ಬಂದ್ರೆ ಒಳಗಿನ್ ಒಲಿಗೇನೇ ಬಿಚ್ಕೋತದಂತೆ. ಯಲಹಂಕದ್ ಡಾಕ್ಟ್ರು ಅಂದ್ರು. ಇವ್ಳೂ ಓಯ್ತಾಳೆ ಕಣೋ."

ಅಕ್ಕ ಮನೆಯ ಹಿಂದಿನ ತೋಟದಲ್ಲಿ ದ್ರಾಕ್ಷಿಯ ಕುಡಿಗಳನ್ನು ತಂತಿಗೆ ಕಟ್ಟುತ್ತಿದ್ದಳು, ಹಳೇ ಸೀರೆಯ ಚೂರುಗಳಿಂದ. ನಾನು ಆಸ್ಪತ್ರೆ ಎಂದ ತಕ್ಷಣ ಕೈ ನಿಲ್ಲಿಸಿದಳು.

"ಆಯಮ್ಮನ್ ಯಾವ್ ಮಾತು ನಂಬ್ಲಿ? ಓಗು ಅಂದಿದ್ದೂ ಅವ್ಳೇ, ಯಾಕ್ ಓದೆ ಅಂದಿದ್ದೂ ಅವ್ಳೇ. ಸತ್ರೆ ಇಲ್ಲೇ ಸಾಯ್ತೀನಿ ಬಿಡು."

ಐದು ವರ್ಷ ನನ್ನನ್ನು ಕಾಯ್ದ ಸುಳ್ಳು ಈಗ ಅವಳ ಮೇಲೆ ಎರಗುತ್ತಿತ್ತು. ಇನ್ನು ಮುಚ್ಚಿಟ್ಟರೆ ಎರಡನೆಯ ಸಲ ಕೊಂದ ಹಾಗೆ. ಮೊದಲನೆಯ ಸಲ ಕೊಂದೆನೋ ಇಲ್ಲವೋ ಎಂಬ ಅನುಮಾನವಾದರೂ ಇತ್ತು.

ಹೇಳಿದೆ. ಪರದೆ, ಪಂಚ್, ಹಾರನ್ನು, ಜವಾನ, ಚೀಟಿ, ಕೆರೆ ಏರಿ. ನಡುವೆ ತೊದಲಿದೆ, ಎರಡು ಕಡೆ ತಮಾಷೆಯ ಮಾತು ತಾನಾಗಿ ಬಂತು, ನುಂಗಿಕೊಂಡೆ. ಅವಳು ಬೈಯಲಿಲ್ಲ. ಒಂದೇ ಕೇಳಿದಳು.

"ಚೀಟೀಲಿ ಏನ್ ಬರ್ದಿತ್ತು?"

ಹೇಳಿದೆ.

"ಇನ್ನೊಂದ್ಸಲ ಏಳು."

ಮೂರು ಸಾಲನ್ನೂ ಮತ್ತೆ ಹೇಳಿದೆ. 'ಬಂದ ತಕ್ಷಣ ಮಾಡುತ್ತೇನೆ' ಎಂಬಲ್ಲಿಗೆ ಬಂದಾಗ ಅವಳು ಸೀರೆಯ ಚೂರನ್ನು ಬೆರಳಿಗೆ ಸುತ್ತುತ್ತಿದ್ದಳು, ಬೆರಳ ತುದಿ ಬೆಳ್ಳಗಾಗುವಷ್ಟು ಬಿಗಿಯಾಗಿ. ಆಮೇಲೆ ಒಳಗೆ ಹೋದಳು. ಭಾವನಿಗೆ ಆ ರಾತ್ರಿ ನಾನೇ ಹೇಳಿದೆ. ನಾನು ಐದು ವರ್ಷ ಹೆದರಿದ್ದ ಏಟು ಬೀಳಲಿಲ್ಲ. ಅವನು ಹೊರಗೆ ಹೋಗಿ ಕೂತುಕೊಂಡ. ಏಟು ಬಿದ್ದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ನಮ್ಮ ಬಸ್ಸು ಅಲ್ಲಾಳಸಂದ್ರದಲ್ಲಿ ನಿಂತಾಗ ಅಕ್ಕ ಗಂಟು ಹಿಡಿದು ಸ್ಟಾಪಿನಲ್ಲಿದ್ದಳು, ಪಕ್ಕದಲ್ಲಿ ಭಾವ. ಹತ್ತಿ ಕೂತಳು. ಆಸ್ಪತ್ರೆ ಬಂದಾಗ ಇಳಿಯುತ್ತಾ, "ನೀನೂ ಇಳಿ," ಅಂದಳು. ಡ್ರೈವರಿಗೆ ಕೈಯಾಡಿಸಿ ಇಳಿದೆ.

ಡಾಕ್ಟರಮ್ಮನ ಕೂದಲು ಬೆಳ್ಳಗಾಗಿತ್ತು. ಅಕ್ಕನನ್ನು ನೋಡಿದ ತಕ್ಷಣ ಗುರುತು ಹಿಡಿದರು, ಮುಖ ಬಿಗಿಯಾಯಿತು. ಅಕ್ಕ ನನ್ನನ್ನು ಮುಂದಕ್ಕೆ ತಳ್ಳಿದಳು. ಎರಡನೆಯ ಸಲ ಹೇಳಿದೆ, ನಿಂತುಕೊಂಡೇ. ಅವರು ಪೆನ್ಸಿಲ್ಲನ್ನು ಮೇಜಿನ ಮೇಲಿಟ್ಟರು.

"ಮಾಡಿ ತೋರಿಸಿ," ಅಂದರು.

ನನಗೆ ಅರ್ಥವಾಗಲಿಲ್ಲ.

"ಆವತ್ತು ಹೇಗೆ ಹೇಳಿದಿರೋ ಹಾಗೆಯೇ ಹೇಳಿ."

ಬಸ್ಸಿನಲ್ಲಿ ನೂರು ಸಲ ಮಾಡಿದ್ದೆ. ಆ ಕೋಣೆಯಲ್ಲಿ ಪಂಚನ್ನು ಸೊಂಟದಿಂದ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದೆ. ಅವರು ಕಾದರು. ಅಕ್ಕ ಕಾದಳು. ಕೊನೆಗೆ ಹೇಳಿದೆ, ಎಲ್ಲವನ್ನೂ, ಮಾರಾಯ್ತಿ ಎನ್ನುವವರೆಗೆ. ಅವರ ಧ್ವನಿ ಅವರ ಎದುರಿಗೆ ನನ್ನ ಬಾಯಿಂದ ಬಂತು.

ಅವರು ಕಿಟಕಿಯ ಸರಳುಗಳ ಕಡೆ ನೋಡಿದರು. "ಹೌದು," ಅಂದರು. "ನಾನು ಹೇಳಿದ ಹಾಗೆಯೇ ಉಂಟು." ಪೆನ್ಸಿಲ್ಲನ್ನು ಮತ್ತೆ ಕೈಗೆ ತೆಗೆದುಕೊಂಡು, "ಆ ವಾರ ನಾನು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಎಲ್ಲರೂ ಕೇಳಿದೆವು ಅಂದಾಗ... ದಣಿವಿನಲ್ಲಿ ನಂಬ್ರ ತಪ್ಪಿ ನಾನೇ ಹೇಳಿದೆನೋ ಏನೋ ಅಂತ. ಐದು ವರ್ಷ. ಪ್ರತಿ ಸಂಜೆ ಪರದೆಯ ಹತ್ತಿರ ನಿಂತು ನಂಬ್ರವನ್ನು ಮೂರು ಸಲ ಓದಿಕೊಳ್ಳುತ್ತಿದ್ದೆ."

ನಾನು ಕೇಳಬಾರದ್ದನ್ನು ಕೇಳಿದೆ. "ಆವತ್ತು ಚೀಟಿ ಕೊಟ್ಟಿದ್ರೆ ಮಗು ಉಳೀತಿತ್ತಾ ಅಮ್ಮ?"

"ನನಗೆ ಗೊತ್ತಿಲ್ಲ," ಅಂದರು. "ಉಳಿಯುತ್ತಿತ್ತು ಅಂತಲೇ ನಾನು ಆಪರೇಷನ್ ಇಟ್ಟದ್ದು. ಹೊರಗೆ ಕೂತುಕೊಳ್ಳಿ."

ಅವರು ಅಕ್ಕನ ಕಡೆ ತಿರುಗಿದರು. ಆ ಸಲ ಭಾವನಿಗೆ ಹೇಳಲಿಲ್ಲ, ನನಗೆ ಹೇಳಲಿಲ್ಲ; ಅಕ್ಕನನ್ನೇ ಎದುರಿಗೆ ಕೂರಿಸಿಕೊಂಡು, ಕಾಗದದ ಮೇಲೆ ಸೊಂಟದ ಎಲುಬಿನ ಚಿತ್ರ ಬರೆದು, ಎಲ್ಲಿ ಕೊಯ್ಯುತ್ತೇನೆ, ಎಷ್ಟು ಉದ್ದ, ಹಳೇ ಗಾಯ ಏನಾಗಿರುತ್ತದೆ, ಎಷ್ಟು ದಿನಕ್ಕೆ ನಡೆಯಬಹುದು, ಎಲ್ಲ ಹೇಳಿದರಂತೆ. ಅಕ್ಕ ಆ ಚಿತ್ರ ಇಸಿದುಕೊಂಡು ಇಟ್ಟುಕೊಂಡಳು.

ಎಂಟನೆಯ ದಿನ ಬೆಳಿಗ್ಗೆ ಆಪರೇಷನ್ ಆಯಿತು. ನಾವು ವರಾಂಡದಲ್ಲಿದ್ದೆವು. ಹೆಣ್ಣು ಮಗು ಅತ್ತದ್ದು ಗೋಡೆಯ ಈಚೆಗೂ ಕೇಳಿಸಿತು.

ಆಮೇಲೆ ನಾನು ಬಸ್ಸಿನಲ್ಲಿ ಆ ಧ್ವನಿ ಮಾಡಿಲ್ಲ. ಕೇಳಿದವರಿಗೆ ಯಾಕೆ ಮಾಡುವುದಿಲ್ಲ ಎಂದು ಹೇಳುತ್ತೇನೆ, ಚೀಟಿಯ ವಿಷಯವನ್ನೂ ಸೇರಿಸಿ. ಕೆಲವರು ನಂಬುತ್ತಾರೆ. ಕೆಲವರು ಇದೂ ಒಂದು ತಮಾಷೆ ಎಂದು ನಗುತ್ತಾರೆ. ಆಸ್ಪತ್ರೆಯ ಸ್ಟಾಪಿನಲ್ಲಿ ಇಳಿಯುವ ಬಸುರಿಯರು ಈಗ ಹೆಚ್ಚಾಗಿದ್ದಾರೆಯೇ ಎಂದು ಕೇಳಬೇಡಿ. ಎಣಿಸಿ ಸಮಾಧಾನ ಪಟ್ಟುಕೊಳ್ಳುವ ಹಕ್ಕು ನನಗಿಲ್ಲ. ಬಸ್ಸು ಹತ್ತದವರಿಗೂ ಮುಟ್ಟಲಿ ಎಂದು ಇಲ್ಲಿ ಬರೆದಿದ್ದೇನೆ. ಡಾಕ್ಟರಮ್ಮ ಏಳನೇ ಹಾಸಿಗೆಯನ್ನು ಮನೆಗೆ ಕಳಿಸಲಿಲ್ಲ.

ಒಂದು ಉಳಿಯಿತು. ಮಗು ಹುಟ್ಟಿದ ಸಂಜೆ ನನ್ನನ್ನು ಒಳಗೆ ಬಿಟ್ಟರು. ಅಕ್ಕ ಗೋಡೆಯ ಕಡೆಗೆ ಹೊರಳಿ ಮಲಗಿದ್ದಳು, ಮಗು ಪಕ್ಕದಲ್ಲಿ, ಬಟ್ಟೆಯಲ್ಲಿ ಸುತ್ತಿದ ಮೂಗು ಮಾತ್ರ ಕಾಣುತ್ತಿತ್ತು. ನಾನು ಏನಾದರೂ ಹೇಳಬೇಕು ಎಂದು ನಿಂತೆ. ಕ್ಷಮಿಸು ಎಂದು ಇರಬೇಕು. ಬಾಯಿ ತೆರೆದರೆ ಅಳು ಬಂತು. ಮುಖ ಮುಚ್ಚಿಕೊಂಡು, ಭುಜ ಕುಲುಕಿಸಿಕೊಂಡು, ವಾರ್ಡಿನವರೆಲ್ಲ ನೋಡುವ ಹಾಗೆ ಅತ್ತೆ. ಅಕ್ಕ ತಲೆ ತಿರುಗಿಸಿ ಸ್ವಲ್ಪ ಹೊತ್ತು ನನ್ನನ್ನು ನೋಡಿದಳು. ಕೋಪ ಇರಲಿಲ್ಲ.

"ಸಾಕು ನಿಲ್ಸು ಮುನಿಯ," ಅಂದಳು. "ನೀನ್ ಅತ್ರೂ ಯಾರ್ನೋ ಅಣಕಿಸ್ದಂಗೇ ಕಾಣ್ತದೆ."